ತೊಟ್ಟಿಯಲ್ಲಿ ಹುಟ್ಟಿದ ಮೈಲಿಗೆ

ಕೊಳೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಕ್ರಿಯಾಪದಗಳ ಬರವಿಲ್ಲ. ಅಂಗಿಗೆ ಕೆಸರು ಮೆತ್ತಿದರೆ ಒಂದು, ನದಿಗೆ ವಿಷ ಹರಿಸಿದರೆ ಇನ್ನೊಂದು, ಯಾರದೋ ಹೆಸರಿಗೆ ಮಸಿ ಬಳಿದರೆ ಮತ್ತೊಂದು. ಈ ಗುಂಪಿನಲ್ಲಿ ಗತ್ತಿನಿಂದ ಕುಳಿತಿರುವುದು ‘ಡಿಫೈಲ್’. ಗುಡಿ, ಗೋರಿ, ಮಾನದಂಥವನ್ನು ಕೆಡಿಸುವಾಗಲಷ್ಟೇ ಅದು ಎದ್ದು ಬರುತ್ತದೆ. ಸೋಪು ಹಾಕಿ ತಿಕ್ಕಿದರೆ ಹೋಗುವ ಕಲೆಗೆ ಆ ಪದ ತೀರಾ ಹೆಚ್ಚಾಯಿತು. ಚಹಾ ಚೆಲ್ಲಿದ ಮೇಜುಬಟ್ಟೆಯ ಬಗ್ಗೆ ಯಾರಾದರೂ ಹಾಗೆಂದರೆ ಅವರು ತಮಾಷೆ ಮಾಡುತ್ತಿದ್ದಾರೆ, ಇಲ್ಲವೇ ಬಟ್ಟೆ ಅವರದ್ದೇ.

ಇಷ್ಟು ಬಿಗುಮಾನದ ಪದದ ವಂಶಾವಳಿ ಹಿಡಿದು ಹೊರಟರೆ ಸಿಗುವುದು ಬಟ್ಟೆ ತೊಳೆಯುವ ತೊಟ್ಟಿ. ಮಧ್ಯಕಾಲದ ಇಂಗ್ಲಿಷಿನಲ್ಲಿ ಅದು ‘ಡಿಫೌಲ್’ ಆಗಿತ್ತು. ಹಳೆಯ ಫ್ರೆಂಚಿನಿಂದ ಬಂದ ಆ ಪದಕ್ಕೆ ತುಳಿದುಹಾಕು ಎಂದರ್ಥ. ಅದರ ಬೇರು ಲ್ಯಾಟಿನ್ನಿನ ‘ಫುಲ್ಲೊ’, ಅಂದರೆ ಉಣ್ಣೆಬಟ್ಟೆಯನ್ನು ತುಳಿತುಳಿದು ಶುಚಿ ಮಾಡಿ ಹದಕ್ಕೆ ತರುವ ಕಸುಬುದಾರ. ಮೈಲಿಗೆಯ ಮುತ್ತಜ್ಜ ಒಬ್ಬ ಮಡಿವಾಳ!

ಅವನ ಕೆಲಸವನ್ನು ಇಂದಿಗೂ ನೋಡಬಹುದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೋಮನ್ ನಗರ ಪಾಂಪೆಯಲ್ಲಿ ಇಂಥ ಕಾರ್ಖಾನೆಗಳು ಸಿಕ್ಕಿವೆ. ಒಂದರಲ್ಲಿ ತೊಟ್ಟಿಗಿಳಿದು ಬಟ್ಟೆ ತುಳಿಯುವವರ ವರ್ಣಚಿತ್ರವೂ ಇತ್ತು. ಅಕ್ಕಪಕ್ಕದ ಮೋಟುಗೋಡೆಗಳ ಮೇಲೆ ಕೈಯೂರಿ, ಒಂದೇ ಸಮನೆ ಕಾಲೆತ್ತಿ ಹಾಕಬೇಕು. ಕಾಲಡಿಯಲ್ಲಿ ನೀರು, ಅದರ ಜೊತೆಗೆ ಹಳಸಿದ ಮೂತ್ರ. ಮೂತ್ರ ಹಳಸಿದರೆ ಅಮೋನಿಯಾ ಹುಟ್ಟುತ್ತದೆ, ಅಮೋನಿಯಾ ಜಿಡ್ಡನ್ನು ಬಿಡಿಸುತ್ತದೆ. ಚಕ್ರವರ್ತಿ ವೆಸ್ಪೇಶಿಯನ್ ಮೂತ್ರದ ಮೇಲೂ ತೆರಿಗೆ ಹಾಕಿದ್ದನೆಂದರೆ ಬೇಡಿಕೆ ಎಷ್ಟಿದ್ದಿರಬೇಕು! ಉಳಿದ ಎಣ್ಣೆಯಂಶ ಹೀರಲು ಒಂದು ಬಗೆಯ ಜೇಡಿಮಣ್ಣು. ಮೂತ್ರ, ಮಣ್ಣು, ಕಾಲು, ಇಷ್ಟೂ ಸೇರಿ ರೋಮಿನ ಗಣ್ಯರ ನಿಲುವಂಗಿ ಬೆಳ್ಳಗಾಗುತ್ತಿತ್ತು. ಭಾಷೆ ಮಾತ್ರ ತುಳಿತವನ್ನು ನೆನಪಿಟ್ಟುಕೊಂಡು ತೊಳೆತವನ್ನು ಮರೆತುಬಿಟ್ಟಿತು.

‘ಡಿಫೌಲ್’ ಮುಂದೆ ‘ಡಿಫೈಲ್’ ಆದದ್ದು ನೆರೆಯವರ ಸಹವಾಸದಿಂದ. ಹಳೆಯ ಇಂಗ್ಲಿಷಿನಲ್ಲಿ ಹೊಲಸು ಮಾಡುವುದಕ್ಕೆ ‘ಫ್ಯೂಲನ್’ ಎಂಬ ನಾಡಪದವೊಂದಿತ್ತು. ಇಂದಿನ ‘ಫೌಲ್’, ‘ಫಿಲ್ತ್’ ಎರಡೂ ಅದರ ಮನೆಯವೇ. ಉಚ್ಚಾರ ಹತ್ತಿರ, ಅರ್ಥವೂ ಹತ್ತಿರವಾದಾಗ ಬೆರೆಯದೆ ಇನ್ನೇನು? ಈ ‘ಫೌಲ್’ ನಮಗೂ ದೂರದ ನಂಟ. ಸಂಸ್ಕೃತದ ‘ಪಿತೃ’ವಿನ ಪಕಾರ ‘ಫಾದರ್’ನಲ್ಲಿ ಫಕಾರವಾದ ಹಾಗೆಯೇ, ‘ಪೂತಿ’ಯ ಬಂಧು ಅಲ್ಲಿ ‘ಫೌಲ್’ ಆಗಿದೆ. ಪೂತಿಗಂಧ ಎಂದರೆ ಕೊಳೆತ ನಾತ. ಸಂಸ್ಕೃತದ ಚೇಷ್ಟೆ ಇನ್ನೂ ಒಂದು ಕೈ ಮೇಲು: ಅಲ್ಲಿ ‘ಪೂತ’ ಎಂದರೆ ಶುದ್ಧಗೊಂಡದ್ದು, ಪವಿತ್ರ, ಪಾವನಗಳ ಒಡಹುಟ್ಟು. ಅಶುದ್ಧದ ಪಕ್ಕದಲ್ಲೇ ಶುದ್ಧಕ್ಕೂ ಅದೇ ಅಕ್ಷರಗಳ ಅಂಗಿ!

ಸೈನ್ಯ ಸಾಲಾಗಿ ನುಗ್ಗುವ ಇಕ್ಕಟ್ಟಿನ ಕಣಿವೆಗೂ ಇಂಗ್ಲಿಷಿನಲ್ಲಿ ‘ಡಿಫೈಲ್’ ಎನ್ನುತ್ತಾರೆ. ಅದು ನೂಲು ಎಂಬರ್ಥದ ಲ್ಯಾಟಿನ್ ಪದದ ಸಂತಾನ. ನಮ್ಮ ಪದಕ್ಕೆ ಅದರ ಸೂತಕವಿಲ್ಲ.

ಮಡಿವಾಳನ ಹೆಸರೇನೂ ಕೆಡಲಿಲ್ಲ. ಇಂಗ್ಲೆಂಡಿನಲ್ಲಿ ಅವನ ಮಕ್ಕಳು ‘ಫುಲ್ಲರ್’ ಎಂದು ಕರೆಸಿಕೊಂಡರು, ಕೆಲವು ಕಡೆ ‘ಟಕ್ಕರ್’, ಇನ್ನು ಕೆಲವು ಕಡೆ ‘ವಾಕರ್’. ವಾಕರ್ ಮನೆತನದ ಮೂಲಪುರುಷ ಊರೂರು ಅಲೆದವನಲ್ಲ. ಬೆಳಗಿನಿಂದ ಸಂಜೆಯವರೆಗೂ ನಡೆದದ್ದು ನಿಜ, ಒದ್ದೆ ಉಣ್ಣೆಯ ಮೇಲೆ, ನಿಂತಲ್ಲೇ.