ಡಿಲೀಟ್ ಮಾಡಿದ್ದು ಎಲ್ಲಿ ಹೋಯ್ತು ಸ್ವಾಮಿ?

ನಿನ್ನೆ ರಾತ್ರಿ ಲ್ಯಾಪ್‌ಟಾಪ್ ಮತ್ತೆ ಗೊಣಗಿತು: ಡಿಸ್ಕ್ ತುಂಬಿದೆ. ಹುಡುಕಿದರೆ ಕಳ್ಳ ಯಾರು? ನನ್ನ ಇಮೇಲ್ ಪ್ರೋಗ್ರಾಮ್. ಇನ್‌ಬಾಕ್ಸ್ ಅನ್ನೋ ಒಂದೇ ಫೈಲು 14 ಜಿಬಿ!

ಎರಡು ಗಂಟೆ ಕೂತು ಗುಡಿಸಿದೆ. ಹಳೇ ಓಟಿಪಿಗಳು, ಹಬ್ಬದ ಆಫರ್‌ಗಳು, 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಅನ್ನೋ ಪಿಪಿಟಿಗಳು, ಮಾವ ಕಳಿಸಿದ ಗೃಹಪ್ರವೇಶದ 40 ಫೋಟೋ. ಟ್ರ್ಯಾಶನ್ನೂ ಖಾಲಿ ಮಾಡಿದೆ. ಈಗೆಷ್ಟು? ಅದೇ 14 ಜಿಬಿ.

ಯಾಕಂದರೆ ಇದರ ಭಾಷೆಯಲ್ಲಿ ಡಿಲೀಟ್ ಅಂದರೆ ಡಿಲೀಟ್ ಅಲ್ಲ. ಮೇಲ್‌ಗೆ 'ಸತ್ತಿದೆ' ಅಂತ ಒಂದು ಗುರುತು, ಅಷ್ಟೇ. ಹೆಣ ಮನೆಯಲ್ಲೇ ಇರುತ್ತದೆ. ಎತ್ತಬೇಕಾದರೆ 'ಕಾಂಪ್ಯಾಕ್ಟ್' ಒತ್ತಬೇಕಂತೆ. ಒತ್ತಿದೆ. ಏನಂದಿತು ಗೊತ್ತಾ? ಜಾಗ ಸಾಲದು! ಬದುಕಿರೋ ಮೇಲ್‌ಗಳನ್ನೆಲ್ಲ ಮೊದಲು ಹೊಸ ಫೈಲಿಗೆ ಬರೆಯಬೇಕಲ್ಲ, ಅದಕ್ಕೆ ಜಾಗ ಬೇಕಂತೆ. ಸಾಲ ತೀರಿಸೋಕೆ ಸಾಲ, ಅಲ್ವಾ?

ಸಾಲದ್ದಕ್ಕೆ ಅಟ್ಯಾಚ್‌ಮೆಂಟುಗಳು ಬೇಸ್64 (ಫೈಲನ್ನು ಬರೀ ಅಕ್ಷರ-ಅಂಕಿಗಳಾಗಿ ಬರೆಯೋ ವಿಧಾನ) ವೇಷದಲ್ಲಿ ಊದಿಕೊಂಡು ಕೂತಿವೆ. 3 ಎಂಬಿ ಫೋಟೋ ಇಲ್ಲಿ 4 ಎಂಬಿ. ಮಾವನ ಮನೆಯೇ ಅಷ್ಟು ದೊಡ್ಡದಿಲ್ಲ!

ಈಗ ಮಗಳ ಹುಟ್ಟುಹಬ್ಬದ ವಿಡಿಯೋಗಳನ್ನು ಪೆನ್‌ಡ್ರೈವಿಗೆ ಸಾಗಿಸುತ್ತಿದ್ದೇನೆ. ಸತ್ತ ಓಟಿಪಿಗಳಿಗೆ ಇಕ್ಕಟ್ಟಾಗಬಾರದು ನೋಡಿ.