ಸಹಿ ಮನೆಯಲ್ಲಿ, ಸೀಲು ಇನ್ನೆಲ್ಲೋ

‘ಒಂದು ಅಫಿಡವಿಟ್ ಮಾಡಿಸ್ಕೊಂಡು ಬನ್ನಿ’ ಅಂತ ಕಚೇರಿಯಲ್ಲಿ ಹೇಳಿದ ಕೂಡಲೇ ನಾವು ಮಾಡುವುದೇನು? ಟೈಪ್ ಮಾಡಿಸಿ, ಮನೆಯಲ್ಲೇ ಸಹಿ ಹಾಕಿ, ಯಾರ ಕೈಲೋ ಕೊಟ್ಟು ಕಳಿಸುತ್ತೇವೆ. ಸಂಜೆಯೊಳಗೆ ನೋಟರಿ ಸೀಲು ಬಿದ್ದು ವಾಪಸ್ ಬರುತ್ತದೆ. ನೋಟರಿಗಳು ನಮ್ಮ ಮುಖ ನೋಡಿಲ್ಲ, ನಾವು ಅವರ ಮುಖ ನೋಡಿಲ್ಲ. ಆದರೂ ಕಾಗದದ ಮೇಲೆ ‘ನನ್ನ ಸಮಕ್ಷಮ ಪ್ರಮಾಣ ಮಾಡಿದರು’ ಅಂತ ಇರುತ್ತದೆ! ಅಂದರೆ ಅಫಿಡವಿಟ್ಟಿನ ಮೊದಲ ಸುಳ್ಳು ಅಲ್ಲೇ ಆಯಿತು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 139ನೇ ಕಲಂ ನೋಡಿ. ಅಫಿಡವಿಟ್ಟಿಗೆ ಪ್ರಮಾಣ ಬೋಧಿಸುವ ಅಧಿಕಾರ ಯಾರಿಗಿದೆ ಅಂತ ಅದು ಹೇಳುತ್ತದೆ: ನ್ಯಾಯಾಲಯ, ಮ್ಯಾಜಿಸ್ಟ್ರೇಟ್, 1952ರ ಕಾಯ್ದೆಯಡಿ ನೇಮಕವಾದ ನೋಟರಿ, ಹೈಕೋರ್ಟ್ ನೇಮಿಸಿದ ಓತ್ ಕಮಿಷನರ್. ಬೋಧಿಸಬೇಕಾದರೆ ಎದುರಿಗೆ ಮನುಷ್ಯ ಬೇಡವೇ? ಗುರುತಿನ ಚೀಟಿ ನೋಡಬೇಕು, ಬರೆದದ್ದು ಅರ್ಥವಾಗಿದೆಯೇ ಕೇಳಬೇಕು, ಇಂಗ್ಲಿಷ್ ಬಾರದವರಿಗೆ ಓದಿ ಹೇಳಬೇಕು, ಸಹಿ ಆಮೇಲೆ. (ದೇವರ ಹೆಸರು ಬೇಡ ಎನ್ನುವವರು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು, 1969ರ ಪ್ರಮಾಣ ಕಾಯ್ದೆ ಅದಕ್ಕೂ ದಾರಿ ಬಿಟ್ಟಿದೆ.)

ಇನ್ನೊಂದು ಭ್ರಮೆ, ಸೀಲು ಬಿದ್ದರೆ ಬರೆದದ್ದೆಲ್ಲ ನಿಜ ಅನ್ನುವುದು. ಒಳಗಿನ ಮಾತಿನ ಹೊಣೆ ಪೂರ್ತಿ ಸಹಿ ಹಾಕಿದವರದು. ಕೋರ್ಟಿನಲ್ಲಿ ಬೇಕೆಂದೇ ಸುಳ್ಳು ಸಾಕ್ಷ್ಯ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಲ್ಲಿ 7 ವರ್ಷದವರೆಗೆ ಜೈಲಿದೆ. ಪ್ರಮಾಣ ಮಾಡಿದ ಅಫಿಡವಿಟ್ಟಿಗೂ ಆ ಬಿಸಿ ತಟ್ಟುತ್ತದೆ. ಹಾಗೆಯೇ ಸೈಟು ಮಾರಿದ ಕರಾರಿಗೆ ನೋಟರಿ ಮಾಡಿಸಿದರೆ ಹಕ್ಕು ವರ್ಗವಾಗುವುದಿಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಲೇಬೇಕು. ಉಯಿಲಿನ ಕತೆ ಉಲ್ಟಾ: ಸಾಮಾನ್ಯವಾಗಿ ಅದಕ್ಕೆ ಬೇಕಾದದ್ದು ಇಬ್ಬರು ಸಾಕ್ಷಿಗಳು, ನೋಟರಿ ಕಡ್ಡಾಯವಲ್ಲ. ಜನ ಮಾತ್ರ ಸೀಲು ಹಾಕಿಸಿ ಸಾಕ್ಷಿಗಳನ್ನು ಮರೆಯುತ್ತಾರೆ.

ತಪ್ಪು ನೋಟರಿಗಳದ್ದೊಂದೇ ಅಂತ ನಾನು ಹೇಳುವುದಿಲ್ಲ. ಹೆಸರಿನ ಒಂದಕ್ಷರ ಹೆಚ್ಚುಕಮ್ಮಿಯಾದರೂ ಅಫಿಡವಿಟ್, ವಿಳಾಸ ಬದಲಾದರೂ ಅಫಿಡವಿಟ್. ದಾಖಲೆ ಪ್ರತಿಗಳಿಗೆ ಸ್ವಯಂ ದೃಢೀಕರಣವೇ ಸಾಕು ಅಂತ ಕೇಂದ್ರ ಸರ್ಕಾರ 2014ರಲ್ಲೇ ಒತ್ತಿ ಹೇಳಿತು, ಆದರೂ ಎಷ್ಟೋ ಕೌಂಟರುಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ಹೀಗೆ ಕಂಡಕಂಡದ್ದಕ್ಕೆಲ್ಲ ಪ್ರಮಾಣ ಮಾಡಿಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುವವರು ಯಾರು? ಮೊದಲು ಬೇಡದ ಅಫಿಡವಿಟ್ ಕೇಳುವುದನ್ನು ಕಚೇರಿಗಳು ಬಿಡಲಿ.

ನಿಜವಾಗಿ ಬೇಕಾದಾಗ ನೀವೇ ಹೋಗಿ. ಗುರುತಿನ ಚೀಟಿ ಅಸಲಿನದೇ ಇರಲಿ, ಸಹಿ ಜಾಗ ಖಾಲಿ ಬಿಡಿ, ಬೇರೆಲ್ಲೂ ಖಾಲಿ ಬಿಡಬೇಡಿ. ತಿದ್ದಿದ ಕಡೆಯೆಲ್ಲ ಚಿಕ್ಕ ಸಹಿ ಇರಲಿ. ನೋಟರಿ ತಮ್ಮ ರಿಜಿಸ್ಟರಿನಲ್ಲಿ ನಮೂದು ಮಾಡಿದರೇ ಅಂತ ಕೇಳಿ, ಸಂಕೋಚ ಬೇಡ.