ಬೋರ್ಡು ಹೊಸದು, ಮಾಲೀಕರು ಅವರೇ

ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಲಂಡನ್ನಿನ ಮೇಲೆ ಬಾಂಬು ಹಾಕಲು ಬರುತ್ತಿದ್ದ ಜರ್ಮನ್ ವಿಮಾನದ ಹೆಸರು ಗೋಥಾ. ಅದೇ ಲಂಡನ್ನಿನ ಅರಮನೆಯಲ್ಲಿ ಕೂತಿದ್ದ ದೊರೆಯ ಮನೆತನದ ಹೆಸರು ಸ್ಯಾಕ್ಸ್-ಕೋಬರ್ಗ್-ಗೋಥಾ. ಮೇಲಿಂದ ಬಾಂಬು ಹಾಕುವುದೂ ಗೋಥಾ, ಕೆಳಗೆ ಕೂತು ಆಳುವುದೂ ಗೋಥಾ. ಜನ ಯಾವ ಗೋಥಾಗೆ ಬೈಯಬೇಕು ಹೇಳಿ?

ಪಾಪ, ಐದನೇ ಜಾರ್ಜ್‌ಗೆ ಇರುಸುಮುರುಸು. ಲೇಖಕ ಎಚ್. ಜಿ. ವೆಲ್ಸ್ ಬೇರೆ, ಹೊರಗಿನವರ ಆಸ್ಥಾನ, ಅದೂ ಸಪ್ಪೆ ಎಂದು ಚುಚ್ಚಿದ್ದ. "ನಾನು ಸಪ್ಪೆ ಇರಬಹುದು, ಹೊರಗಿನವನಂತೂ ಅಲ್ಲ" ಎಂದು ದೊರೆ ರೇಗಿದನಂತೆ. ರೇಗಿದರೆ ಸಾಕೇ? ಕಾಗದ ಬೇಕಲ್ಲ. ಜುಲೈ 17ಕ್ಕೆ ಘೋಷಣೆ ಹೊರಟಿತು: ಇವತ್ತಿನಿಂದ ನಾವು ವಿಂಡ್ಸರ್. ಅದು ಅವರ ಕೋಟೆ ಇರುವ ಊರು. ನಾವು ಊರಿನ ಹೆಸರನ್ನು ಇನಿಷಿಯಲ್ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಒಂದು ಸಹಿ ಬಿತ್ತು, ಇನ್ನೂರು ವರ್ಷದ ಜರ್ಮನ್ ನಂಟು ತೊಳೆದು ಹೋಯಿತು. ಗುರುತಿನ ಚೀಟಿಯಲ್ಲಿ ಒಂದಕ್ಷರ ತಿದ್ದಿಸಲು ಮೂರು ಸಲ ಅಫಿಡವಿಟ್ ಕೊಟ್ಟವನು ನಾನು. ಓದಿದಾಗ ಹೊಟ್ಟೆ ಉರಿಯಿತು.

ದೊರೆಯ ನೆಂಟರಲ್ಲಿ ಬ್ಯಾಟನ್‌ಬರ್ಗ್ ಅಂತ ಒಂದು ಮನೆ. ಯಜಮಾನ ಲೂಯಿ ಹದಿನಾಲ್ಕನೇ ವಯಸ್ಸಿಗೇ ಬ್ರಿಟಿಷ್ ನೌಕಾಪಡೆ ಸೇರಿ, ಅದರ ಮುಖ್ಯಸ್ಥನ ಕುರ್ಚಿವರೆಗೂ ಏರಿದವನು. ಯುದ್ಧ ಶುರುವಾಗಿ ಮೂರು ತಿಂಗಳೊಳಗೆ, ಹುಟ್ಟು ಜರ್ಮನ್ ಎಂದು ಗುಲ್ಲೆದ್ದು ರಾಜೀನಾಮೆ ಕೊಟ್ಟ. 1917ರಲ್ಲಿ ಹೆಸರನ್ನೂ ಬಿಟ್ಟುಕೊಟ್ಟ. ಜರ್ಮನ್‌ನಲ್ಲಿ ಬರ್ಗ್ ಎಂದರೆ ಬೆಟ್ಟ. ಬೆಟ್ಟವನ್ನು ಇಂಗ್ಲಿಷ್ ಮಾಡಿದರೆ ಮೌಂಟ್. ಅದನ್ನು ಹಿಂದಿನಿಂದ ಎತ್ತಿ ಮುಂದೆ ಇಟ್ಟರು: ಮೌಂಟ್‌ಬ್ಯಾಟನ್! ಅರ್ಧ ಅನುವಾದ, ಅರ್ಧ ಹಾಗೇ. ನಂದಿಬೆಟ್ಟವನ್ನು ನಂದಿ ಹಿಲ್ಸ್ ಮಾಡಿದ್ದೂ ಇದೇ ಕೈಚಳಕ. ಹೌದು, ನಾವು ಶಾಲೆಯಲ್ಲಿ ಉರು ಹೊಡೆದ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ ಈ ಮನೆಯ ಕಿರಿಮಗನೇ. ಹದಿನೇಳು ತುಂಬುವವರೆಗೂ ಅವನು ಬ್ಯಾಟನ್‌ಬರ್ಗಿನ ರಾಜಕುಮಾರ.

ಈ ಹೆಸರಿನಾಟದಲ್ಲಿ ಮೊದಲು ಪೆಟ್ಟು ತಿಂದವಳು ಅವನ ಅಕ್ಕ ಲೂಯಿಸ್. ಇಪ್ಪತ್ತೆಂಟು ವರ್ಷ ರಾಜಕುಮಾರಿಯಾಗಿ ಬದುಕಿದವಳು ರಾತ್ರಿ ಕಳೆಯುವುದರಲ್ಲಿ ಬರೀ "ಲೇಡಿ" ಆದಳು. 1923ರಲ್ಲಿ ಸ್ವೀಡನ್ನಿನ ಯುವರಾಜನ ಜೊತೆ ಮದುವೆ ಗೊತ್ತಾಯಿತು. ಅಲ್ಲಿ ಒಂದು ಕಾನೂನು: ಯುವರಾಜ ಸಾಮಾನ್ಯನ ಮಗಳನ್ನು ಮದುವೆಯಾದರೆ ಸಿಂಹಾಸನದ ಹಕ್ಕು ಹೋಯಿತು. ಲೂಯಿಸ್ ಈಗ ಸಾಮಾನ್ಯಳೋ ಅಲ್ಲವೋ? ಸ್ವೀಡನ್ ಸರ್ಕಾರ ಲಂಡನ್ನಿಗೆ ಪತ್ರ ಬರೆದು ವಿಚಾರಿಸಿತು. ಇವಳು ರಾಜಮನೆತನದವಳೇ ಎಂದು ಅಲ್ಲಿಂದ ಉತ್ತರ ಬಂದ ಮೇಲೆ ಓಲಗ ಊದಿದರು. ಪದವಿ ಕಿತ್ತುಕೊಂಡವರೇ ಇಲ್ಲ, ಇನ್ನೂ ಸ್ವಲ್ಪ ಉಳಿದಿದೆ ಎಂದು ಸರ್ಟಿಫಿಕೇಟ್ ಕೊಟ್ಟ ಹಾಗಾಯಿತು.

ಆದರೆ ನನಗೆ ಹೇಳಬೇಕಾಗಿರುವುದು ಹಿರಿಯಕ್ಕ ಆಲಿಸ್ ಕತೆ. ಅವಳ ಬದುಕನ್ನು ಓದುತ್ತಾ ಹೋದರೆ, ಯಾವುದೋ ಕಚೇರಿಯಲ್ಲಿ ಮೇಜಿಂದ ಮೇಜಿಗೆ ಅಲೆಯುವ ಫೈಲು ನೆನಪಾಗುತ್ತದೆ.

ಹುಟ್ಟಿದ್ದು 1885ರಲ್ಲಿ, ವಿಂಡ್ಸರ್ ಕೋಟೆಯಲ್ಲೇ. ವಿಕ್ಟೋರಿಯಾ ರಾಣಿಯ ಮರಿಮಗಳು. ಹುಟ್ಟು ಕಿವುಡಿ. ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು, ಅದೂ ಒಂದೇ ಭಾಷೆಯಲ್ಲಲ್ಲ. 1903ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಗ್ರೀಸಿನ ರಾಜಕುಮಾರ ಆಂಡ್ರೂ ಜೊತೆ ಮದುವೆ. ಕಚೇರಿಯದ್ದೊಂದು, ಲೂಥರನ್ ಪದ್ಧತಿಯದ್ದೊಂದು, ಆರ್ಥೊಡಾಕ್ಸ್ ಪದ್ಧತಿಯದ್ದೊಂದು, ಒಟ್ಟು ಮೂರು ಸಲ. ಗ್ರೀಸಿನ ರಾಜಕುಮಾರನಲ್ಲಿ ಗ್ರೀಕ್ ರಕ್ತ ಎಷ್ಟು ಎಂದು ಕೇಳಬೇಡಿ. ಅದೇ ಒಂದು ಹಾಸ್ಯ ಪ್ರಸಂಗ.

1862ರಲ್ಲಿ ಗ್ರೀಕರು ತಮ್ಮ ದೊರೆ ಆಟೊನನ್ನು ಓಡಿಸಿದರು. ಅವನು ಬವೇರಿಯಾದವನು. ಹೊಸ ದೊರೆ ಯಾರಾಗಬೇಕು ಎಂದು ಮತ ಹಾಕಿಸಿದರು. ಸುಮಾರು 2,41,000 ಮತಗಳಲ್ಲಿ 2,30,000 ಬಿದ್ದದ್ದು ವಿಕ್ಟೋರಿಯಾ ರಾಣಿಯ ಮಗ ಆಲ್‌ಫ್ರೆಡ್‌ಗೆ. ದೊಡ್ಡ ದೇಶಗಳು ಅದಾಗಲ್ಲ ಅಂದವು. ನಮ್ಮ ನಮ್ಮ ಮನೆಯವರು ಅಲ್ಲಿ ಕೂರಬಾರದು ಎಂದು ಅವರವರಲ್ಲೇ ಹಳೇ ಒಪ್ಪಂದವಿತ್ತು. ಕೊನೆಗೆ ಸಿಂಹಾಸನ ಸಿಕ್ಕಿದ್ದು ಡೆನ್ಮಾರ್ಕಿನ ಹದಿನೇಳು ವರ್ಷದ ಹುಡುಗ ವಿಲಿಯಂಗೆ. ಮತದಾನದಲ್ಲಿ ಅವನಿಗೆ ಬಿದ್ದದ್ದು ಆರು. ಆರು ಸಾವಿರ ಅಲ್ಲ, ಬರೀ ಆರು. ನಮ್ಮಲ್ಲಿ ಆರು ಮತ ತಗೊಂಡವನಿಗೆ ಠೇವಣಿಯೂ ವಾಪಸ್ ಬರಲ್ಲ. ಇವನು ಜಾರ್ಜ್ ಎಂದು ಹೆಸರಿಟ್ಟುಕೊಂಡು ಐವತ್ತು ವರ್ಷ ಆಳಿದ. ಆಲಿಸ್‌ಗೆ ಇವನೇ ಮಾವ.

ಒಮ್ಮೆ ಮತ ಹಾಕುವ ರುಚಿ ಹತ್ತಿದ ಮೇಲೆ ಗ್ರೀಕರು ಬಿಡಲಿಲ್ಲ. ಜಾರ್ಜ್‌ನನ್ನು 1913ರಲ್ಲಿ ಗುಂಡಿಟ್ಟು ಕೊಂದರು. ಮಗ ಕಾನ್‌ಸ್ಟಂಟೈನ್ ಬಂದ, 1917ರಲ್ಲಿ ಅವನನ್ನು ಕಳಿಸಿದರು. ಅವನ ಮಗ ಅಲೆಕ್ಸಾಂಡರ್ ಬಂದ. 1920ರಲ್ಲಿ ತನ್ನ ನಾಯಿಯನ್ನು ಕೋತಿಯಿಂದ ಬಿಡಿಸಲು ಹೋಗಿ ಕಚ್ಚಿಸಿಕೊಂಡು, ನಂಜೇರಿ ಸತ್ತ. ಆಮೇಲೆ ಶೇ 99ರಷ್ಟು ಮತ ಹಾಕಿ ಅವನಪ್ಪನನ್ನೇ ವಾಪಸ್ ಕರೆದರು. 1922ರಲ್ಲಿ ಟರ್ಕಿಯವರ ಕೈಯಲ್ಲಿ ಸೋತು ಬಂದಾಗ ಮತ್ತೆ ಕಳಿಸಿದರು. 1924ರಲ್ಲಿ ರಾಜರೇ ಬೇಡ ಎಂದು ಶೇ 70 ಮತ. 1935ರಲ್ಲಿ ಬೇಕೇ ಬೇಕು ಎಂದು ಶೇ 97ಕ್ಕೂ ಜಾಸ್ತಿ. ಆ ಸಲ ದೊರೆಗೆ ನೀಲಿ ಚೀಟಿ, ಗಣರಾಜ್ಯಕ್ಕೆ ಕೆಂಪು ಚೀಟಿ. ಯಾರು ಯಾವ ಬಣ್ಣದ್ದು ಹಾಕಿದರು ಎಂದು ಊರಿಗೆಲ್ಲ ಕಾಣುತ್ತಿತ್ತು. ಇಷ್ಟೆಲ್ಲದರಲ್ಲಿ ತನಗೆ ಏನು ಬೇಕು ಅಂತ ಸ್ಪಷ್ಟವಾಗಿ ಗೊತ್ತಿದ್ದದ್ದು ಆ ಕೋತಿಗೆ ಮಾತ್ರ ಅನಿಸುತ್ತದೆ.

ಈ ನಡುವೆ ಆಲಿಸ್ ಏನು ಮಾಡುತ್ತಿದ್ದಳು? ಗ್ರೀಕ್ ಕಲಿತಳು. ಬಾಲ್ಕನ್ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದಳು. ಮೊದಲ ಸಲ ಗಡಿಪಾರಾದದ್ದು 1917ರಲ್ಲಿ. ಅಪ್ಪನ ಮನೆಯ ಹೆಸರು ಹೋದ ಬೇಸಿಗೆಯಲ್ಲೇ ಗಂಡನ ಮನೆಯ ದೇಶವೂ ಹೋಯಿತು. 1922ರಲ್ಲಿ ಎರಡನೇ ಸಲ. ಗಂಡನಿಗೆ ದೇಶಭ್ರಷ್ಟ ಶಿಕ್ಷೆಯಾಗಿ, ಬ್ರಿಟಿಷ್ ಯುದ್ಧನೌಕೆ ಹತ್ತಿದಾಗ ಕಿರಿಮಗ ಫಿಲಿಪ್‌ಗೆ ಒಂದೂವರೆ ವರ್ಷ. ತೊಟ್ಟಿಲಿರಲಿಲ್ಲ. ಕಿತ್ತಳೆ ಹಣ್ಣಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಮುಂದೆ ಇಂಗ್ಲೆಂಡಿನ ರಾಣಿಯ ಗಂಡನಾಗುವವನು ಮಾರುಕಟ್ಟೆ ಮಾಲಿನ ಹಾಗೆ ಸಾಗಿದ. ಪ್ಯಾರಿಸ್ ಪಕ್ಕದಲ್ಲಿ ನೆಂಟರು ಬಿಟ್ಟುಕೊಟ್ಟ ಮನೆ. ಅಲ್ಲಿ ಕೂತು ಆಲಿಸ್ ಗ್ರೀಕ್ ಕಸೂತಿ ಮಾರುವ ಅಂಗಡಿಯಲ್ಲಿ ದುಡಿದಳು. ಬಂದ ಹಣ ಗ್ರೀಕ್ ನಿರಾಶ್ರಿತರಿಗೆ. ಓಡಿಸಿದ ದೇಶದವರಿಗೇ!

1930ರ ಹೊತ್ತಿಗೆ, ಕ್ರಿಸ್ತ ತನ್ನ ಜೊತೆ ಮಾತಾಡುತ್ತಾನೆ ಎನ್ನತೊಡಗಿದಳು. ಮನೆಯವರು ಗಾಬರಿಯಾದರು. ಬರ್ಲಿನ್ನಿನ ಡಾಕ್ಟರು ಹೆಸರಾಂತ ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್‌ನ ಸಲಹೆ ಕೇಳಿದರು. ಅಂಡಾಶಯಕ್ಕೆ ಎಕ್ಸ್-ರೇ ಹಾಯಿಸಿ, ಮುಟ್ಟು ಬೇಗ ನಿಂತರೆ ತಣ್ಣಗಾಗುತ್ತಾಳೆ ಅಂದನಂತೆ ಆ ಮಹಾಜ್ಞಾನಿ. ಹಾಯಿಸಿದರು. ಆಮೇಲೆ ಮಗ ಪಿಕ್ನಿಕ್‌ಗೆ ಹೋಗಿದ್ದ ದಿನ ನೋಡಿ, ಮಂಪರು ಬರುವ ಔಷಧ ಕೊಟ್ಟು ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್ ಆಸ್ಪತ್ರೆಗೆ ಸಾಗಿಸಿದರು. ಎರಡು ವರ್ಷದ ಮೇಲೆ ಅಲ್ಲಿದ್ದಳು. ಅಷ್ಟರಲ್ಲಿ ನಾಲ್ಕೂ ಹೆಣ್ಣುಮಕ್ಕಳ ಮದುವೆ ಆಗಿಹೋಯಿತು, ತಾಯಿ ಇಲ್ಲದೆ. ಗಂಡ ಫ್ರಾನ್ಸಿನ ಕಡಲತೀರದಲ್ಲಿ ಬಿಸಿಲು ಕಾಯಿಸುತ್ತಿದ್ದ.

ಕಾಯಿಲೆ ಇದ್ದಿರಬಹುದು, ಅದನ್ನು ನಾನು ತಮಾಷೆ ಮಾಡುತ್ತಿಲ್ಲ. ಆದರೆ ಆ ಕಾಲದ ಬ್ರಿಟಿಷ್ ಪೆನ್ನಿ ನಾಣ್ಯ ಒಮ್ಮೆ ತಿರುಗಿಸಿ ನೋಡಿ. ಐದನೇ ಜಾರ್ಜ್‌ನ ತಲೆ, ಸುತ್ತ ಲ್ಯಾಟಿನ್‌ನಲ್ಲಿ ಬರೆದಿದೆ: ದೇವರ ಕೃಪೆಯಿಂದ ದೊರೆ. ದೇವರು ನನ್ನನ್ನೇ ಆರಿಸಿ ಕೂರಿಸಿದ್ದಾನೆ ಎಂದು ಕಂಚಿನ ಮೇಲೆ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದರೆ ಅದು ರಾಜ್ಯಾಂಗ. ದೇವರು ಮಾತಾಡಿಸಿದ ಎಂದು ಮನೆಯೊಳಗೆ ಮೆಲ್ಲಗೆ ಹೇಳಿದರೆ ಎಕ್ಸ್-ರೇ.

ಹುಚ್ಚಿ ಎನಿಸಿಕೊಂಡವಳು 1938ರಲ್ಲಿ ಅಥೆನ್ಸ್‌ಗೆ ವಾಪಸ್ ಬಂದಳು. ಎರಡನೇ ಮಹಾಯುದ್ಧ ಬಂತು. ಅಳಿಯಂದಿರು ಜರ್ಮನಿ ಕಡೆ, ಮಗ ಬ್ರಿಟಿಷ್ ನೌಕಾಪಡೆಯಲ್ಲಿ. ಇವಳಿಂದ ಏನಾದರೂ ಆಗಬೇಕೇ ಎಂದು ಜರ್ಮನ್ ಸೇನಾಧಿಕಾರಿಯೊಬ್ಬ ವಿನಯದಿಂದ ಕೇಳಿದ. "ನನ್ನ ದೇಶದಿಂದ ನಿಮ್ಮ ಸೈನ್ಯ ಕರಕೊಂಡು ಹೋಗಿ" ಅಂದಳು. ನನ್ನ ದೇಶ! ಹುಟ್ಟಿದ್ದು ಇಂಗ್ಲೆಂಡು, ಅಪ್ಪ ಜರ್ಮನ್, ಗಂಡ ಡೇನ್. ಮನೆಯೊಳಗೆ ಕೊಹೆನ್ ಎಂಬ ಯಹೂದಿ ಕುಟುಂಬವನ್ನು ಬಚ್ಚಿಟ್ಟಿದ್ದಳು. ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊದವರು ವಿಚಾರಿಸಲು ಬಂದರೆ, ತನ್ನ ಕಿವುಡನ್ನೇ ಮುಂದಿಟ್ಟು ಏನೂ ಅರ್ಥವಾಗದವಳ ಹಾಗೆ ಕೂತಳು. ಅಷ್ಟು ಭಾಷೆಗಳಲ್ಲಿ ತುಟಿ ಓದುತ್ತಿದ್ದವಳು!

1947. ಮಗ ಫಿಲಿಪ್ ಇಂಗ್ಲೆಂಡಿನ ಎಲಿಜಬೆತ್‌ಳನ್ನು ಮದುವೆಯಾಗಬೇಕು. ಗ್ರೀಸ್ ಮತ್ತು ಡೆನ್ಮಾರ್ಕಿನ ರಾಜಕುಮಾರ ಎಂಬ ಬಿರುದು ಬಿಟ್ಟ. ಅರ್ಜಿ ಹಾಕಿ ಬ್ರಿಟಿಷ್ ಪ್ರಜೆಯಾದ. ಹೆಸರಿಗೆ ಅಮ್ಮನ ಮನೆಯ ಮೌಂಟ್‌ಬ್ಯಾಟನ್, ಅದೇ ಎತ್ತಿಟ್ಟ ಬೆಟ್ಟ. ಜರ್ಮನಿಗೆ ಕೊಟ್ಟಿದ್ದ ಅಕ್ಕಂದಿರನ್ನು ಮದುವೆಗೆ ಕರೆಯಲಿಲ್ಲ. ಎಲ್ಲ ಮುಗಿದು ಹತ್ತು ವರ್ಷ ತುಂಬುವುದರೊಳಗೆ ಲಂಡನ್ನಿನ ನ್ಯಾಯಾಲಯದಿಂದ ಒಂದು ತೀರ್ಪು ಬಂತು. 1705ರ ಕಾನೂನಿನ ಪ್ರಕಾರ ವಿಕ್ಟೋರಿಯಾ ರಾಣಿಯ ಪೂರ್ವಜೆ, ಹ್ಯಾನೊವರ್‌ನ ಸೋಫಿಯಾ ಎಂಬಾಕೆಯ ಪ್ರಾಟೆಸ್ಟಂಟ್ ಸಂತತಿಯವರೆಲ್ಲ ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆಗಳು. ಅಂದರೆ ಫಿಲಿಪ್ ಅರ್ಜಿ ಹಾಕಿದ್ದೇ ದಂಡ. ಆ ಕೇಸು ಹಾಕಿ ಗೆದ್ದವನು ಯಾರು ಗೊತ್ತಾ? ಮೊದಲ ಮಹಾಯುದ್ಧದ ಕಾಲದ ಜರ್ಮನ್ ಚಕ್ರವರ್ತಿ ಕೈಸರ್‌ನ ಮೊಮ್ಮಗ. ಕೈಸರ್ ಕೂಡ ಸೋಫಿಯಾ ಸಂತತಿಯೇ, ವಿಕ್ಟೋರಿಯಾ ರಾಣಿಯ ಮೊಮ್ಮಗ. ಜರ್ಮನ್ ವಾಸನೆ ಹೋಗಲಿ ಎಂದು 1917ರಲ್ಲಿ ಊರೆಲ್ಲ ಬೋರ್ಡು ಬದಲಿಸಿದಾಗ, ಈ ಲೆಕ್ಕದಲ್ಲಿ ಕೈಸರ್‌ನೇ ಬ್ರಿಟಿಷ್ ಪ್ರಜೆ.

ಆಲಿಸ್ ಈ ಕಾಗದಪತ್ರದ ತಂಟೆಗೇ ಹೋಗಲಿಲ್ಲ. 1949ರಲ್ಲಿ ಸನ್ಯಾಸಿನಿಯರ ಒಂದು ಸಂಘ ಕಟ್ಟಿದಳು. ಬೂದು ಬಣ್ಣದ ನಿಲುವಂಗಿ ತೊಟ್ಟಳು, ಸಿಗರೇಟು ಬಿಡಲಿಲ್ಲ. ಬೀಡಿ ಸೇದಿ ಇಸ್ಪೀಟಾಡುವ ಸನ್ಯಾಸಿನಿಗೆ ಏನು ಹೇಳೋದು ಎಂಬ ಧಾಟಿಯಲ್ಲಿ ಹೆತ್ತ ತಾಯಿಯೇ ನಕ್ಕಳಂತೆ. 1953ರಲ್ಲಿ ಸೊಸೆಯ ಪಟ್ಟಾಭಿಷೇಕಕ್ಕೂ ಅದೇ ಬೂದು ಬಟ್ಟೆ. ಸುತ್ತ ಕಿರೀಟ, ವಜ್ರ, ಕಸೂತಿ.

1969ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ತೀರಿಕೊಂಡಳು. ತನ್ನನ್ನು ಜೆರುಸಲೇಮಿನಲ್ಲಿ ಹೂಳಬೇಕು ಎಂಬುದು ಆಸೆ. ಅಷ್ಟು ದೂರ ನಾವು ನೋಡಲು ಬರೋದು ಹೇಗೆ ಎಂದು ಮಗಳು ಗೊಣಗಿದ್ದಕ್ಕೆ, ಅದಕ್ಕೇನು, ಬಸ್ಸು ಚೆನ್ನಾಗಿದೆ ಅಂದಿದ್ದಳಂತೆ. ಮನೆಯವರು ಹುಟ್ಟಿದ ವಿಂಡ್ಸರ್‌ನಲ್ಲೇ ಇಟ್ಟರು. ಜೆರುಸಲೇಮಿಗೆ ಒಯ್ದದ್ದು 1988ರಲ್ಲಿ. ಬಸ್ಸು ಹತ್ತೊಂಬತ್ತು ವರ್ಷ ತಡ.